ಸ್ಪೇನ್‌ನಲ್ಲಿ ಮನೆ ಖರೀದಿ: ನೋಟರಿ ಇದ್ದ ಮೇಲೆ ವಕೀಲರು ಯಾಕೆ?

ಪ್ರಶ್ನೆ: ಸ್ಪೇನ್‌ನ ಮಾಲಗಾ ಪ್ರಾಂತ್ಯದಲ್ಲಿ, ಸಮುದ್ರಕ್ಕೆ ಹತ್ತಿರದ ಊರೊಂದರಲ್ಲಿ ಎರಡು ಕೋಣೆಯ ಹಳೆಯ ಫ್ಲ್ಯಾಟ್ ನಮಗೆ ಹಿಡಿಸಿದೆ. ಬೆಲೆ 2,10,000 ಯೂರೊ. ಸಾಲ ಮಾಡುತ್ತಿಲ್ಲ, ಉಳಿತಾಯದ ಹಣವಿದೆ. ಬೇರೆಯವರಿಗೆ ಕೊಡದಿರಲಿ ಎಂದು 3,000 ಯೂರೊ ಕಟ್ಟಿದ್ದೇವೆ. ಈಗ ಏಜೆಂಟರು ಎರಡು ಪುಟದ ‘ಅರ್ರಾಸ್’ ಎಂಬ ಮುಂಗಡ ಕರಾರು ಕಳಿಸಿ, ಹತ್ತು ದಿನದೊಳಗೆ ಶೇ 10ರಷ್ಟು ಹಣ ಕಟ್ಟಿ ಸಹಿ ಮಾಡಿ ಎನ್ನುತ್ತಿದ್ದಾರೆ. ಮಾರುತ್ತಿರುವವರು ಇಂಗ್ಲೆಂಡಿನಲ್ಲಿ ನೆಲೆಸಿರುವ ದಂಪತಿ. ‘ಎಲ್ಲವನ್ನೂ ನೋಟರಿಯೇ ನೋಡಿಕೊಳ್ಳುತ್ತಾರೆ, ವಕೀಲರಿಗೆ ಕೊಡುವ ಹಣ ದಂಡ’ ಎಂಬುದು ಏಜೆಂಟರ ಮಾತು. ಕ್ರಯಪತ್ರದ ದಿನ ನಮಗೆ ಅಲ್ಲಿಗೆ ಹೋಗಲು ಆಗುತ್ತದೋ ಇಲ್ಲವೋ ಗೊತ್ತಿಲ್ಲ. ಮುಂದಿನ ಕಾನೂನು ಕೆಲಸ ಹೇಗೆ ಮುಗಿಸಬೇಕು?

ಉತ್ತರ: ಮೊದಲು ಆ ಎರಡು ಪುಟಕ್ಕೆ ಸಹಿ ಹಾಕುವುದನ್ನು ನಿಲ್ಲಿಸಿ. ಈವರೆಗೆ ನಿಮ್ಮಿಂದ ಹೋಗಿರುವುದು 3,000 ಯೂರೊ. ಅರ್ರಾಸ್‌ಗೆ ಸಹಿ ಬಿದ್ದ ಕ್ಷಣ ಪಣಕ್ಕೆ ಬೀಳುವುದು 21,000. ಸ್ಪೇನ್‌ನಲ್ಲಿ ಮನೆ ಕೊಂಡು ಕೈಸುಟ್ಟುಕೊಂಡವರ ಕಡತಗಳನ್ನು ನಾನು ಸಾಕಷ್ಟು ನೋಡಿದ್ದೇನೆ. ಹೆಚ್ಚಿನವರು ಎಡವಿದ್ದು ನೋಟರಿಯ ಮೇಜಿನ ಮುಂದಲ್ಲ. ಒಂದೋ ಅದಕ್ಕೆ ಎರಡು ತಿಂಗಳು ಮೊದಲು, ಅವಸರದಲ್ಲಿ ಹಾಕಿದ ಸಹಿಯಲ್ಲಿ. ಇಲ್ಲವೇ ಕೀಲಿಕೈ ಸಿಕ್ಕ ಮೇಲೆ, ‘ಎಲ್ಲ ಮುಗಿಯಿತು’ ಎಂದು ನೆಮ್ಮದಿಯಾಗಿ ಕೂತಾಗ.

ಏಜೆಂಟರ ಮಾತಿನಲ್ಲಿ ಅರ್ಧ ಸತ್ಯವಿದೆ. ನೋಟರಿ ಎಂದರೆ ಕೋರ್ಟಿನ ಮುಂದೆ ಮೇಜು ಹಾಕಿಕೊಂಡು ಸೀಲು ಒತ್ತುವವರ ಚಿತ್ರ ನಿಮ್ಮ ಕಣ್ಣಮುಂದೆ ಬರುತ್ತಿದ್ದರೆ ಅದನ್ನು ಬಿಡಿ. ಸ್ಪೇನ್‌ನ ನೋಟರಿ ಕಠಿಣ ಪರೀಕ್ಷೆ ಪಾಸು ಮಾಡಿ ಬಂದ ಸರ್ಕಾರಿ ಅಧಿಕಾರ ಇರುವ ಕಾನೂನು ಪರಿಣತರು. ಇಬ್ಬರ ಗುರುತು ನೋಡುತ್ತಾರೆ, ಮಾರುವ ಹಕ್ಕು ಇದೆಯೇ ಎಂದು ನೋಡುತ್ತಾರೆ, ನೋಂದಣಿ ಕಚೇರಿಯಿಂದ ತಾಜಾ ಮಾಹಿತಿ ತರಿಸುತ್ತಾರೆ, ಹಣ ಹೇಗೆ ಕೈಬದಲಾಯಿತು ಎಂದು ಪತ್ರದಲ್ಲಿ ಬರೆಸುತ್ತಾರೆ. ಆದರೆ ಅವರು ನಿಮ್ಮ ಕಡೆಯವರೂ ಅಲ್ಲ, ಮಾರುವವರ ಕಡೆಯವರೂ ಅಲ್ಲ. ಬಾಲ್ಕನಿಗೆ ಗಾಜು ಹಾಕಿಸಿ ಕೋಣೆ ಮಾಡಿಕೊಂಡಿದ್ದಕ್ಕೆ ಪುರಸಭೆಯ ಪರವಾನಗಿ ಇತ್ತೇ, ಬರುವ ವರ್ಷ ಲಿಫ್ಟ್ ಬದಲಿಸಲು ನಿವಾಸಿಗಳ ಸಂಘ ಚಂದಾ ಎತ್ತಲು ತೀರ್ಮಾನಿಸಿದೆಯೇ, ಈ ಬೆಲೆಗೆ ಈ ಷರತ್ತು ನಿಮಗೆ ಒಳ್ಳೆಯದೇ — ಇವನ್ನೆಲ್ಲ ಹುಡುಕಿಕೊಂಡು ಹೋಗುವುದು ಅವರ ಕೆಲಸವಲ್ಲ. ಅದಕ್ಕಿಂತ ಮುಖ್ಯವಾಗಿ, ಅವರು ಕಡತ ತೆರೆಯುವ ಹೊತ್ತಿಗೆ ನಿಮ್ಮ 21,000 ಯೂರೊ ಆಗಲೇ ಕೈಬಿಟ್ಟಿರುತ್ತದೆ. ಹಾಗಾಗಿ ಅಲ್ಲಿನ ವಕೀಲರ ಸಂಘದಲ್ಲಿ ನೋಂದಾಯಿತರಾದ ಸ್ವತಂತ್ರ ವಕೀಲರೊಬ್ಬರನ್ನು ಇಂದೇ ಗೊತ್ತುಮಾಡಿಕೊಳ್ಳಿ. ಏಜೆಂಟರೇ ‘ನಮ್ಮ ವಕೀಲರಿದ್ದಾರೆ’ ಎಂದರೆ ನಯವಾಗಿ ಬೇಡ ಎನ್ನಿ. ಮಾರಾಟ ಆದರೆ ಮಾತ್ರ ಕಮಿಷನ್ ಸಿಗುವವರು ಕಳಿಸಿದ ವಕೀಲರಿಗೆ ‘ಇದು ಬೇಡ’ ಎಂದು ಹೇಳಲು ಬಾಯಿ ಬರುವುದಿಲ್ಲ.

ಇನ್ನು ಆ ಕರಾರು. ಸ್ಪೇನ್‌ನ ನಾಗರಿಕ ಸಂಹಿತೆಯ 1454ನೇ ವಿಧಿಯ ಪ್ರಕಾರ ಕೊಳ್ಳುವವರು ಹಿಂದೆ ಸರಿದರೆ ಕೊಟ್ಟ ಮುಂಗಡ ಹೋಗುತ್ತದೆ. ಮಾರುವವರು ಹಿಂದೆ ಸರಿದರೆ ಅದರ ಎರಡರಷ್ಟು, ಎಂದರೆ ನಿಮ್ಮ ಲೆಕ್ಕದಲ್ಲಿ 42,000 ಯೂರೊ, ವಾಪಸು ಕೊಡಬೇಕು. ಕೇಳಲು ಸರಳ. ಆದರೆ ಕರಾರಿನಲ್ಲಿ ‘ಪೆನಿತೆನ್ಸಿಯಾಲೆಸ್’ (ಮುಂಗಡ ಬಿಟ್ಟು ಹಿಂದೆ ಸರಿಯಬಹುದಾದ) ಎಂಬ ಪದ ಅಥವಾ ಈ ವಿಧಿಯ ಉಲ್ಲೇಖ ಸ್ಪಷ್ಟವಾಗಿ ಇಲ್ಲದಿದ್ದರೆ ನ್ಯಾಯಾಲಯಗಳು ಅದನ್ನು ಬರೀ ಬೆಲೆಯ ಒಂದು ಕಂತು ಎಂದು ನೋಡುತ್ತವೆ. ಆಗ ಹಣ ಬಿಟ್ಟುಕೊಟ್ಟು ಹೊರಬರುವ ದಾರಿಯೂ ಮುಚ್ಚಬಹುದು. ‘ಕೊಂಡೇ ತೀರಬೇಕು’ ಎಂದು ಎದುರು ಪಕ್ಷ ದಾವೆ ಹೂಡಬಹುದು. ಎರಡು ಪುಟದ ಕರಾರುಗಳಲ್ಲಿ ಬಿಟ್ಟುಹೋಗುವುದು ಸಾಮಾನ್ಯವಾಗಿ ಇಂಥ ಒಂದೇ ಪದ. ಜೊತೆಗೆ ಎರಡು ಷರತ್ತು ಸೇರಿಸಿಕೊಳ್ಳಿ: ಪತ್ರಗಳಲ್ಲಿ ಘೋಷಿಸದ ಋಣಭಾರವೋ ಕಟ್ಟಡ ನಿಯಮದ ಉಲ್ಲಂಘನೆಯೋ ಕಂಡುಬಂದರೆ ಮುಂಗಡ ಪೂರ್ತಿ ವಾಪಸು; ನೀವು ಕಟ್ಟಿದ 3,000 ಯೂರೊ ಈ 21,000ದಲ್ಲಿ ವಜಾ. ಹಣವನ್ನು ಮಾರುವವರ ಖಾತೆಗೆ ನೇರ ಹಾಕುವ ಬದಲು ವಕೀಲರ ಕಕ್ಷಿದಾರ ಖಾತೆಯಲ್ಲೋ ನೋಟರಿಯ ಬಳಿಯೋ ಠೇವಣಿ ಇಡುವ ಏರ್ಪಾಟಾದರೆ ಇನ್ನೂ ಒಳ್ಳೆಯದು.

ಸಹಿಗೆ ಮೊದಲು ನೀವೇ ನೋಡಬಹುದಾದ ಕಾಗದವೊಂದಿದೆ: ‘ನೋಟಾ ಸಿಂಪ್ಲೆ’. ಆಸ್ತಿ ನೋಂದಣಿ ಕಚೇರಿಯ ಮಾಹಿತಿ ಪತ್ರ ಇದು. ಆನ್‌ಲೈನ್‌ನಲ್ಲಿ ಹತ್ತು ಯೂರೊ ಆಸುಪಾಸಿನಲ್ಲಿ ಸಿಗುತ್ತದೆ. ಒಂದೆರಡು ಪುಟ, ಮೂರು ಭಾಗ. ಮೊದಲು ಆಸ್ತಿಯ ವರ್ಣನೆ, ಆಮೇಲೆ ಮಾಲೀಕರ ಹೆಸರು ಮತ್ತು ಪಾಲು, ಕೊನೆಗೆ ‘ಕಾರ್ಗಾಸ್’ ಎಂಬ ಋಣಭಾರದ ಪಟ್ಟಿ. ಎಲ್ಲರೂ ನೇರ ಮೂರನೆಯ ಭಾಗಕ್ಕೆ ಜಿಗಿಯುತ್ತಾರೆ. ನಾನು ಮೊದಲನೆಯದನ್ನು ಬೆರಳಿಟ್ಟುಕೊಂಡು ಓದಿ ಎನ್ನುತ್ತೇನೆ. ನನ್ನ ಕಕ್ಷಿದಾರರೊಬ್ಬರಿಗೆ ಜಾಹೀರಾತಿನಲ್ಲಿ ‘ಪಾರ್ಕಿಂಗ್ ಸಹಿತ’ ಎಂದಿತ್ತು. ಮನೆ ತೋರಿಸಿದ ದಿನ ನೆಲಮಾಳಿಗೆಯಲ್ಲಿ ಹಳದಿ ಗೆರೆಯೊಳಗೆ ಮಾರುವವರ ಕಾರೂ ನಿಂತಿತ್ತು. ನೋಟಾ ಸಿಂಪ್ಲೆಯಲ್ಲಿ ಪಾರ್ಕಿಂಗ್ ಎಂಬ ಪದವೇ ಇರಲಿಲ್ಲ. ಅದು ಬೇರೆ ಸಂಖ್ಯೆಯ ಬೇರೆ ಆಸ್ತಿ, ಬೇರೆಯವರ ಹೆಸರಿನಲ್ಲಿತ್ತು. ಮಾರುವವರು ಅದನ್ನು ತಿಂಗಳ ಬಾಡಿಗೆಗೆ ಹಿಡಿದಿದ್ದರು ಅಷ್ಟೆ. ಅರ್ರಾಸ್‌ಗೆ ಮೊದಲು ಸಿಕ್ಕಿದ್ದರಿಂದ ಬೆಲೆ ಇಳಿಯಿತು. ಆಮೇಲೆ ಸಿಕ್ಕಿದ್ದರೆ ಜಗಳವಾಗುತ್ತಿತ್ತು.

ಋಣಭಾರದ ಭಾಗದಲ್ಲಿ ತೀರಿಸಿ ಆದ ಸಾಲದ ಅಡಮಾನ ಇನ್ನೂ ಉಳಿದುಕೊಂಡಿರುವುದು ಬಹಳ ಸಾಮಾನ್ಯ. ಬ್ಯಾಂಕಿಗೆ ಹಣ ಕಟ್ಟಿದ ಮಾತ್ರಕ್ಕೆ ನೋಂದಣಿಯಲ್ಲಿ ಅದು ಅಳಿಸಿಹೋಗುವುದಿಲ್ಲ. ರದ್ದತಿ ಪತ್ರ ಮಾಡಿಸಿ ಬೇರೆಯಾಗಿ ದಾಖಲಿಸಬೇಕು. ಸಾಲ ಇನ್ನೂ ಬಾಕಿ ಇದ್ದರೂ ಗಾಬರಿ ಬೇಡ. ಕ್ರಯದ ದಿನ ಬ್ಯಾಂಕಿನ ಪ್ರತಿನಿಧಿಯೂ ಬಂದು ಕೂರುತ್ತಾರೆ, ನಿಮ್ಮ ಹಣದಲ್ಲಿ ಒಂದು ಚೆಕ್ ನೇರ ಅವರಿಗೆ ಹೋಗುತ್ತದೆ. ಆದರೆ ರದ್ದತಿಯ ಖರ್ಚು ಯಾರದು ಎಂಬುದು ಕರಾರಿನಲ್ಲಿ ಇರಬೇಕು.

ನೋಟಾ ಸಿಂಪ್ಲೆಯ ಪಕ್ಕದಲ್ಲೇ ‘ಕತಾಸ್ತ್ರೊ’ದ ಕಾಗದ ಇಟ್ಟುಕೊಳ್ಳಿ. ಅದು ತೆರಿಗೆ ಸಲುವಾಗಿ ಇರುವ ಭೂದಾಖಲೆ, ನೋಂದಣಿ ಕಚೇರಿಗಿಂತ ಬೇರೆ ಇಲಾಖೆಯದು. ಎರಡರಲ್ಲೂ ಅಳತೆ ಒಂದೇ ಇರಬೇಕು ಎಂದು ನಾವು ಅಂದುಕೊಳ್ಳುತ್ತೇವೆ. ಎಷ್ಟೋ ಸಲ ಇರುವುದಿಲ್ಲ. ಒಂದರಲ್ಲಿ 68 ಚದರ ಮೀಟರ್, ಇನ್ನೊಂದರಲ್ಲಿ 79 ಎಂದಿದ್ದರೆ ಆ ಹನ್ನೊಂದು ಮೀಟರ್ ಎಲ್ಲಿಂದ ಬಂತು ಎಂದು ಕೇಳಿ. ಕೆಲವೊಮ್ಮೆ ಅದು ಮೆಟ್ಟಿಲು, ಹಜಾರದಂಥ ಸಾಮಾನ್ಯ ಜಾಗದ ಪಾಲು. ಕೆಲವೊಮ್ಮೆ ಪರವಾನಗಿ ಇಲ್ಲದೆ ಕಟ್ಟಿದ ಕೋಣೆ.

ನಿಮ್ಮದು ಪಟ್ಟಣದ ಫ್ಲ್ಯಾಟ್ ಆದ್ದರಿಂದ ದೊಡ್ಡ ಗಂಡಾಂತರಗಳು ಕಡಿಮೆ. ಹಳ್ಳಿಗಾಡಿನ ಜಮೀನಿನ ಮನೆಯಾಗಿದ್ದರೆ ಈ ಉತ್ತರ ಇನ್ನೆರಡು ಪಟ್ಟು ಉದ್ದವಾಗುತ್ತಿತ್ತು. 2008ರ ಜನವರಿಯಲ್ಲಿ ಅಲ್ಮೆರಿಯಾ ಪ್ರಾಂತ್ಯದ ವೇರಾದಲ್ಲಿ ನಿವೃತ್ತ ಬ್ರಿಟಿಷ್ ದಂಪತಿಯ ಮನೆಯನ್ನು ಯಂತ್ರ ತಂದು ಕೆಡವಿದರು. ಪುರಸಭೆ ಕೊಟ್ಟಿದ್ದ ಪರವಾನಗಿಯೇ ಅಕ್ರಮ ಎಂದು ಪ್ರಾದೇಶಿಕ ಸರ್ಕಾರ ಅದನ್ನು ರದ್ದು ಮಾಡಿಸಿತ್ತು. ಮನೆಯವರ ಮಾತನ್ನು ಕೇಳದೆ ಕೆಡವಿದ್ದು ತಪ್ಪು ಎಂದು ಸಾಂವಿಧಾನಿಕ ನ್ಯಾಯಾಲಯ ಆಮೇಲೆ ಹೇಳಿತು, ಆದರೆ ಅಷ್ಟರಲ್ಲಿ ಮನೆ ನೆಲಸಮವಾಗಿತ್ತು. ಗ್ರಾಮೀಣ ಜಮೀನಿಗೆ ಇನ್ನೊಂದು ತೊಡಕೂ ಇದೆ: ಗಡಿ, ದ್ವೀಪ, ಜಿಬ್ರಾಲ್ಟರ್ ಜಲಸಂಧಿಯಂಥ ಕೆಲವು ವಲಯಗಳಲ್ಲಿ ಯುರೋಪಿಯನ್ ಒಕ್ಕೂಟದ ಹೊರಗಿನವರು ಕೊಳ್ಳಬೇಕಾದರೆ ಸೇನೆಯ ಅನುಮತಿ ಬೇಕು. ನಿಮ್ಮ ಮಟ್ಟಿಗೆ ಇವೆರಡರ ಚಿಂತೆ ಬೇಡ. ಸಮುದ್ರಕ್ಕೆ ತೀರಾ ಅಂಟಿಕೊಂಡಿದ್ದರೆ ಮಾತ್ರ 1988ರ ಕರಾವಳಿ ಕಾಯ್ದೆಯ ರಕ್ಷಣಾ ವಲಯದೊಳಗೆ ಕಟ್ಟಡ ಬೀಳುತ್ತದೆಯೇ ಎಂದು ವಕೀಲರಿಂದ ನೋಡಿಸಿ. ಸಾಮಾನ್ಯವಾಗಿ ಅದು 100 ಮೀಟರ್, ಹಳೆಯ ಪಟ್ಟಣ ಪ್ರದೇಶದಲ್ಲಿ 20.

ಫ್ಲ್ಯಾಟ್‌ನಲ್ಲಿ ನಿಜವಾಗಿ ಕಾಡುವುದು ಹಿಂದಿನವರ ಬಾಕಿ. ನಿವಾಸಿಗಳ ಸಂಘಕ್ಕೆ ಕಟ್ಟಬೇಕಾದ ನಿರ್ವಹಣಾ ಶುಲ್ಕವನ್ನು ಹಳೆಯ ಮಾಲೀಕರು ಉಳಿಸಿಕೊಂಡಿದ್ದರೆ, ಕೊಂಡ ವರ್ಷದ್ದು ಮತ್ತು ಅದರ ಹಿಂದಿನ ಮೂರು ವರ್ಷದ್ದಕ್ಕೆ ಆ ಮನೆಯೇ ಹೊಣೆ, ಎಂದರೆ ನೀವೇ ಹೊಣೆ. ಐಬಿಐ ಎಂಬ ಆಸ್ತಿ ತೆರಿಗೆಯೂ ಹೀಗೆಯೇ ಮನೆಗೆ ಅಂಟಿಕೊಂಡು ಬರುತ್ತದೆ. ಸಂಘದ ಕಾರ್ಯದರ್ಶಿ ಸಹಿ ಮಾಡಿ ಅಧ್ಯಕ್ಷರು ಒಪ್ಪಿದ ‘ಬಾಕಿ ಇಲ್ಲ’ ಪತ್ರವನ್ನು ಮಾರುವವರು ಕ್ರಯದ ದಿನ ಕೊಡಬೇಕು. ‘ಕೊಳ್ಳುವವರು ಇದರಿಂದ ವಿನಾಯಿತಿ ಕೊಟ್ಟಿದ್ದಾರೆ’ ಎಂಬ ಸಾಲು ಪತ್ರದ ಕರಡಿನಲ್ಲಿ ಸದ್ದಿಲ್ಲದೆ ನುಸುಳಿರುತ್ತದೆ, ಹೊಡೆದುಹಾಕಿಸಿ. ಜೊತೆಗೆ ಸಂಘದ ಹಿಂದಿನ ಎರಡು ಮೂರು ಸಭೆಗಳ ನಡಾವಳಿ ಕೇಳಿ ಪಡೆಯಿರಿ. ಮಳೆಗಾಲದ ಸೋರಿಕೆ, ಲಿಫ್ಟ್ ತಕರಾರು, ಹೆಚ್ಚುವರಿ ಚಂದಾ, ಎಲ್ಲ ಕಥೆ ಅದರಲ್ಲಿ ಇರುತ್ತದೆ. ಪ್ರವಾಸಿಗರಿಗೆ ದಿನಬಾಡಿಗೆಗೆ ಕೊಡುವ ಯೋಚನೆ ಇದ್ದರೆ ಇದನ್ನು ಖಂಡಿತ ಓದಿ: 2025ರ ಏಪ್ರಿಲ್ 3ರಿಂದ ಹೊಸದಾಗಿ ಹಾಗೆ ಕೊಡಬೇಕಾದರೆ ಸಂಘದ ಐದರಲ್ಲಿ ಮೂರು ಪಾಲು ಬಹುಮತದ ಒಪ್ಪಿಗೆ ಬೇಕು. ಅದೇ ದಿನದಿಂದ ‘ಗೋಲ್ಡನ್ ವೀಸಾ’ವೂ ನಿಂತಿದೆ. ಮನೆ ಕೊಂಡರೆ ವಾಸದ ಪರವಾನಗಿ ಸಿಗುತ್ತದೆ ಎಂದು ಯಾರಾದರೂ ಇನ್ನೂ ಹೇಳುತ್ತಿದ್ದರೆ ನಂಬಬೇಡಿ.

ಈಗ ನಿಮ್ಮ ಪ್ರಕರಣದ ಅತಿ ಸೂಕ್ಷ್ಮ ಅಂಶ. ಮಾರುವವರು ಸ್ಪೇನ್‌ನ ನಿವಾಸಿಗಳಲ್ಲ. ಹೀಗಿದ್ದಾಗ ಬೆಲೆಯ ಶೇ 3, ಎಂದರೆ 6,300 ಯೂರೊ, ಹಿಡಿದಿಟ್ಟುಕೊಂಡು ‘211’ ನಮೂನೆಯಲ್ಲಿ ಒಂದು ತಿಂಗಳೊಳಗೆ ತೆರಿಗೆ ಇಲಾಖೆಗೆ ಕಟ್ಟುವ ಹೊಣೆ ಕೊಳ್ಳುವವರದು. ಮಾರುವವರ ಲಾಭದ ತೆರಿಗೆಗೆ ಇದು ಮುಂಗಡ. ಹೆಚ್ಚಾಗಿದ್ದರೆ ಅವರು ವಾಪಸು ಕೇಳಿಕೊಳ್ಳುತ್ತಾರೆ. ನೀವು ಹಿಡಿಯದೆ ಪೂರ್ತಿ ಹಣ ಕೊಟ್ಟುಬಿಟ್ಟರೆ ಇಲಾಖೆ ಇಂಗ್ಲೆಂಡಿಗೆ ಹುಡುಕಿಕೊಂಡು ಹೋಗುವುದಿಲ್ಲ, ನಿಮ್ಮ ಮನೆಯ ಮೇಲೆ ಕೈ ಇಡುತ್ತದೆ. ‘ನಾವು ಇಲ್ಲೇ ಇರುತ್ತೇವೆ, ನಮ್ಮ ಹತ್ತಿರ ಸ್ಪೇನ್‌ನ ಗುರುತಿನ ಸಂಖ್ಯೆ ಇದೆ’ ಎಂದರೆ ಸಾಲದು. ತೆರಿಗೆ ಇಲಾಖೆಯೇ ಕೊಟ್ಟ ನಿವಾಸಿ ಪ್ರಮಾಣಪತ್ರ ತೋರಿಸಿದರೆ ಮಾತ್ರ ವಿನಾಯಿತಿ. ಇದರ ಜೊತೆಗೆ ‘ಪ್ಲುಸ್‌ವಾಲಿಯಾ’ ಎಂಬ ಪುರಸಭೆಯ ತೆರಿಗೆಯಿದೆ; ಜಾಗದ ಬೆಲೆ ಏರಿದ್ದಕ್ಕೆ ಮಾರುವವರು ಕಟ್ಟಬೇಕಾದದ್ದು. ಆದರೆ ಮಾರುವವರು ಅನಿವಾಸಿಗಳಾದರೆ ಪುರಸಭೆಯ ಎದುರು ನಿಲ್ಲಬೇಕಾದವರು ಕೊಳ್ಳುವವರೇ. ಅಂದಾಜು ಮೊತ್ತವನ್ನು ಮೊದಲೇ ಲೆಕ್ಕ ಹಾಕಿಸಿ, ಕ್ರಯದ ಹಣದಲ್ಲಿ ತಡೆದಿಟ್ಟುಕೊಂಡು ನಿಮ್ಮ ವಕೀಲರ ಕೈಯಿಂದಲೇ ಕಟ್ಟಿಸಿ. ನಿಮ್ಮ ಏಜೆಂಟರು ಕಳಿಸಿದ ಕರಾರಿನಲ್ಲಿ ಈ ಎರಡರ ಸುದ್ದಿ ಇದೆಯೇ ನೋಡಿ. ಇಲ್ಲದಿದ್ದರೆ, ವಕೀಲರ ಖರ್ಚು ದಂಡವೋ ಅಲ್ಲವೋ ನಿಮಗೇ ಗೊತ್ತಾಗುತ್ತದೆ.

ನಿಮ್ಮದೇ ತೆರಿಗೆ ಬೇರೆ. ಹಳೆಯ ಮನೆಗೆ ವರ್ಗಾವಣೆ ತೆರಿಗೆ, ದರ ಪ್ರದೇಶಕ್ಕೊಂದು. ಮಾಲಗಾ ಇರುವ ಆಂದಲೂಸಿಯಾದಲ್ಲಿ ಶೇ 7, ಎಂದರೆ 14,700 ಯೂರೊ. ಇಲ್ಲೊಂದು ಬಲೆ ಇದೆ. 2022ರ ಜನವರಿಯಿಂದ ಕತಾಸ್ತ್ರೊ ಪ್ರತಿ ಮನೆಗೂ ಒಂದು ‘ಉಲ್ಲೇಖ ಮೌಲ್ಯ’ ನಿಗದಿ ಮಾಡುತ್ತದೆ. ನೀವು ಕೊಟ್ಟ ಬೆಲೆ, ಆ ಮೌಲ್ಯ — ಎರಡರಲ್ಲಿ ಹೆಚ್ಚಿನದರ ಮೇಲೆ ತೆರಿಗೆ. ಅದು 2,30,000 ಎಂದಿದ್ದರೆ ನೀವು 2,10,000ಕ್ಕೇ ಕೊಂಡಿದ್ದರೂ 16,100 ಕಟ್ಟಬೇಕು. ಈ ಮೌಲ್ಯವನ್ನು ಕತಾಸ್ತ್ರೊದ ಜಾಲತಾಣದಲ್ಲಿ ಮುಂಚೆಯೇ ನೋಡಿಕೊಳ್ಳಬಹುದು. ನೋಟರಿ, ನೋಂದಣಿ, ವಕೀಲರು ಎಲ್ಲ ಸೇರಿಸಿ ಬೆಲೆಯ ಮೇಲೆ ಶೇ 10–11 ಕೈಯಲ್ಲಿ ಇಟ್ಟುಕೊಳ್ಳಿ.

ನೀವು ಹೋಗಲಾಗದಿದ್ದರೆ ಅಧಿಕಾರಪತ್ರದ ಮೂಲಕ ಎಲ್ಲವನ್ನೂ ಮುಗಿಸಬಹುದು. ಎರಡು ದಾರಿ. ನೀವಿರುವ ದೇಶದ ಸ್ಪೇನ್ ಕಾನ್ಸುಲೇಟ್‌ನಲ್ಲಿ ಮಾಡಿಸಿದರೆ ಪತ್ರ ಸ್ಪ್ಯಾನಿಷ್‌ನಲ್ಲೇ ತಯಾರಾಗುತ್ತದೆ, ಅನುವಾದ, ಅಪೊಸ್ಟಿಲ್ (ಕಾಗದ ಬೇರೆ ದೇಶದಲ್ಲಿ ನಡೆಯಲು ಹಾಕಿಸುವ ದೃಢೀಕರಣ) ಏನೂ ಬೇಡ. ಅಪಾಯಿಂಟ್‌ಮೆಂಟ್ ಸಿಗುವುದು ಮಾತ್ರ ಕಷ್ಟ. ಸ್ಥಳೀಯ ನೋಟರಿಯ ಬಳಿ ಮಾಡಿಸಿದರೆ 1961ರ ಹೇಗ್ ಒಪ್ಪಂದದ ಅಪೊಸ್ಟಿಲ್ ಹಾಕಿಸಬೇಕು, ಪ್ರಮಾಣಿತ ಅನುವಾದಕರಿಂದ ಸ್ಪ್ಯಾನಿಷ್‌ಗೆ ಅನುವಾದವೂ ಆಗಬೇಕು. ‘ನನ್ನ ಪರವಾಗಿ ಎಲ್ಲ ವ್ಯವಹಾರ ಮಾಡಲು’ ಎಂಬ ಸಡಿಲ ಪತ್ರ ಬೇಡ. ಈ ಮನೆಯನ್ನು ಕೊಳ್ಳುವುದು, ಎನ್‌ಐಇ ಪಡೆಯುವುದು, ತೆರಿಗೆ ಕಟ್ಟುವುದು, ನೋಂದಣಿ ಮಾಡಿಸುವುದು ಎಂದು ಬಿಡಿಸಿ ಬರೆಸಿ. ಮಾರುವ ಅಧಿಕಾರ ಕೊಡಬೇಡಿ. ಎನ್‌ಐಇ ಎಂದರೆ ವಿದೇಶಿಯರ ಗುರುತಿನ ಸಂಖ್ಯೆ. ಗಂಡ ಹೆಂಡತಿ ಇಬ್ಬರ ಹೆಸರಿನಲ್ಲಿ ಕೊಳ್ಳುವುದಾದರೆ ಇಬ್ಬರಿಗೂ ಬೇಕು. ಅದಿಲ್ಲದೆ ತೆರಿಗೆಯೂ ಕಟ್ಟಲಾಗದು, ನೋಂದಣಿಯೂ ಆಗದು. ಕರಾರಿನಲ್ಲಿ ಕ್ರಯದ ದಿನಾಂಕ ನಿಗದಿ ಮಾಡುವಾಗ ಇವಕ್ಕೆ ಹಿಡಿಯುವ ವಾರಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಗಡುವು ತಪ್ಪಿ ಮುಂಗಡ ಕಳೆದುಕೊಂಡವರಲ್ಲಿ ಎನ್‌ಐಇಗಾಗಿ ಕಾದು ಕೂತವರೇ ಹೆಚ್ಚು.

ಹಣ ಕಳಿಸುವ ವಿಚಾರದಲ್ಲಿ ಎರಡೇ ಮಾತು. ನೀವಿರುವ ದೇಶದ ನಿಯಮ ಮೊದಲು ನೋಡಿಕೊಳ್ಳಿ. ಭಾರತದ ನಿವಾಸಿಗಳಾಗಿದ್ದರೆ ಒಬ್ಬರಿಗೆ ಒಂದು ಹಣಕಾಸು ವರ್ಷಕ್ಕೆ 2,50,000 ಡಾಲರ್ ಮಿತಿ. ಮತ್ತೆ, ‘ನಮ್ಮ ಖಾತೆ ಸಂಖ್ಯೆ ಬದಲಾಗಿದೆ’ ಎಂದು ಇಮೇಲ್ ಬಂದರೆ, ಅದು ವಕೀಲರ ವಿಳಾಸದಿಂದಲೇ ಬಂದಂತೆ ಕಂಡರೂ, ಮೊದಲಿಂದ ಗೊತ್ತಿರುವ ನಂಬರಿಗೆ ಫೋನ್ ಮಾಡಿ ಬಾಯಲ್ಲಿ ಕೇಳಿಕೊಳ್ಳದೆ ಒಂದು ಯೂರೊವನ್ನೂ ಕಳಿಸಬೇಡಿ.

ಕ್ರಯದ ದಿನ ಅಂಥ ನಾಟಕೀಯವೇನೂ ಅಲ್ಲ. ಉದ್ದನೆಯ ಮೇಜು, ಬ್ಯಾಂಕ್ ಚೆಕ್‌ಗಳ ಫೋಟೊಕಾಪಿ, ಪಾಸ್‌ಪೋರ್ಟುಗಳ ಗುಡ್ಡೆ. ಕಚೇರಿಯ ಸಿಬ್ಬಂದಿ ಎಲ್ಲ ಹೊಂದಿಸಿಟ್ಟ ಮೇಲೆ ನೋಟರಿ ಬಂದು ಪತ್ರ ಓದುತ್ತಾರೆ. ಸ್ಪ್ಯಾನಿಷ್ ಬಾರದವರಿಗೆ ದುಭಾಷಿ ಇರಬೇಕು. ಮನೆಯಲ್ಲಿ ಬಾಡಿಗೆದಾರರು ಇದ್ದಾರೆಯೇ ಎಂಬ ಪ್ರಶ್ನೆಗೆ ಮಾರುವವರು ಅಲ್ಲೇ ಉತ್ತರಿಸಬೇಕು. ಸಹಿ, ಚೆಕ್, ಕೀಲಿಗೊಂಚಲು. ಮನೆಯನ್ನು ಅದೇ ದಿನ ಬೆಳಿಗ್ಗೆ ಯಾರಾದರೂ ಒಳಹೊಕ್ಕು ನೋಡಿ ಬಂದಿರಲಿ. ನೋಟರಿಯನ್ನು ಆರಿಸುವ ಹಕ್ಕು ಸಾಮಾನ್ಯವಾಗಿ ಖರ್ಚು ಕೊಡುವ ನಿಮ್ಮದು ಎಂಬುದನ್ನೂ ಮರೆಯಬೇಡಿ.

ಆದರೆ ಕೀಲಿಕೈ ಜೇಬಿಗೆ ಬಿದ್ದ ಹೊತ್ತಿನಲ್ಲೇ ನೋಂದಣಿಯ ಓಟ ಶುರು. ಸ್ಪೇನ್‌ನಲ್ಲಿ ನೋಂದಣಿ ಕಡ್ಡಾಯವಲ್ಲ. ಆ ಮಾತನ್ನು ಹಿಡಿದು ಉದಾಸೀನ ಮಾಡಬೇಡಿ. ಒಂದೇ ಮನೆಯನ್ನು ಇಬ್ಬರಿಗೆ ಮಾರಿದರೆ, ಪ್ರಾಮಾಣಿಕವಾಗಿ ಮೊದಲು ನೋಂದಾಯಿಸಿದವರು ಮಾಲೀಕರು ಎನ್ನುತ್ತದೆ ನಾಗರಿಕ ಸಂಹಿತೆಯ 1473ನೇ ವಿಧಿ. ಮಾರಿದವರಿಗೆ ಹಿಂದೆ ಸಾಲ ಕೊಟ್ಟವರು ಜಪ್ತಿ ಆದೇಶ ತಂದರೂ ಯಾರ ಕಾಗದ ಮೊದಲು ಕಚೇರಿ ಮುಟ್ಟಿತು ಎಂಬುದೇ ಪ್ರಶ್ನೆ. ಆದ್ದರಿಂದ ಸಹಿಯಾದ ದಿನವೇ ವಿದ್ಯುನ್ಮಾನವಾಗಿ ಪತ್ರವನ್ನು ನೋಂದಣಿ ಕಚೇರಿಗೆ ಕಳಿಸಲು ನೋಟರಿಗೆ ಹೇಳಿ. ದಿನಚರಿ ಪುಸ್ತಕದಲ್ಲಿ ನಮೂದಾದ ಆ ಕ್ಷಣದಿಂದ 60 ಕೆಲಸದ ದಿನ ನಿಮ್ಮ ಸರದಿ ಯಾರೂ ಕಿತ್ತುಕೊಳ್ಳುವಂತಿಲ್ಲ. ಅಷ್ಟರಲ್ಲಿ ವರ್ಗಾವಣೆ ತೆರಿಗೆ ಕಟ್ಟಿ ರಸೀದಿ ಒದಗಿಸಿದರೆ ಪೂರ್ಣ ನೋಂದಣಿ ಆಗುತ್ತದೆ. ಈ ಕೆಲಸಕ್ಕೆ ‘ಹೆಸ್ತೋರ್’ ಎಂಬ ಕಡತ ಓಡಿಸುವ ವೃತ್ತಿಪರರು ಸಿಗುತ್ತಾರೆ, ಅಗ್ಗವೂ ಹೌದು.

ಆಮೇಲಿನವು ಚಿಲ್ಲರೆ, ಆದರೆ ಮರೆತರೆ ದಂಡ. ವಿದ್ಯುತ್, ನೀರು, ಐಬಿಐ ನಿಮ್ಮ ಹೆಸರಿಗೆ ಬದಲಾಗಬೇಕು. ಬಾಡಿಗೆಗೆ ಕೊಡದೆ ಖಾಲಿ ಇಟ್ಟರೂ ಅನಿವಾಸಿ ಮಾಲೀಕರು ‘ಕಲ್ಪಿತ ಆದಾಯ’ಕ್ಕೆ ಪ್ರತಿ ವರ್ಷ 210 ನಮೂನೆ ಸಲ್ಲಿಸಬೇಕು, ಕತಾಸ್ತ್ರೊ ಮೌಲ್ಯದ ಶೇ 1.1 ಅಥವಾ 2ನ್ನು ಆದಾಯ ಎಂದು ಹಿಡಿದು, ಯುರೋಪಿಯನ್ ಒಕ್ಕೂಟದ ಹೊರಗೆ ನೆಲೆಸಿದವರಿಗೆ ಅದರ ಮೇಲೆ ಶೇ 24 ತೆರಿಗೆ. ಅಲ್ಲಿನ ಆಸ್ತಿಗೆ ಅಲ್ಲೇ ಒಂದು ಮರಣಶಾಸನ ಬರೆಸಿಡಿ. 2015ರ ಆಗಸ್ಟ್ 17ರಿಂದ ಜಾರಿಯಲ್ಲಿರುವ ಯುರೋಪಿನ ನಿಯಮದಂತೆ ನಿಮ್ಮ ಪೌರತ್ವದ ದೇಶದ ಕಾನೂನೇ ಅನ್ವಯವಾಗಲಿ ಎಂದು ಅದರಲ್ಲಿ ಬರೆಯಬಹುದು. ಇಲ್ಲದಿದ್ದರೆ ಮಕ್ಕಳು ಎರಡು ದೇಶದ ಕಚೇರಿಗಳ ನಡುವೆ ಅಲೆಯಬೇಕಾದೀತು.

ಕೊನೆಗೆ, ನೋಂದಣಿ ಮುಗಿದ ಸುದ್ದಿ ಬಂದ ವಾರದಲ್ಲಿ ಇನ್ನೊಂದು ಹತ್ತು ಯೂರೊ ಖರ್ಚು ಮಾಡಿ ಹೊಸ ನೋಟಾ ಸಿಂಪ್ಲೆ ತರಿಸಿಕೊಳ್ಳಿ. ಎರಡನೆಯ ಭಾಗದಲ್ಲಿ ನಿಮ್ಮ ಹೆಸರನ್ನು ಅಕ್ಷರ ಅಕ್ಷರವಾಗಿ ಪಾಸ್‌ಪೋರ್ಟಿನ ಜೊತೆ ಹೋಲಿಸಿ. ಸ್ಪೇನ್‌ನವರಿಗೆ ತಂದೆಯದೊಂದು ತಾಯಿಯದೊಂದು ಎಂದು ಎರಡು ಮನೆತನದ ಹೆಸರಿರುತ್ತವೆ, ಅಲ್ಲಿನ ನಮೂನೆಗಳೂ ಹಾಗೇ ಇವೆ. ನಮ್ಮ ಇನಿಷಿಯಲ್ಲು, ಊರ ಹೆಸರು, ತಂದೆಯ ಹೆಸರು ಆ ಖಾನೆಗಳಲ್ಲಿ ಹೇಗೆಹೇಗೋ ಕೂತುಬಿಡುತ್ತವೆ. ಎನ್‌ಐಇಯಲ್ಲಿ ಒಂದು, ಪತ್ರದಲ್ಲಿ ಒಂದು, ಪಾಸ್‌ಪೋರ್ಟಿನಲ್ಲಿ ಇನ್ನೊಂದು ಆಗಿದ್ದರೆ ಈಗಲೇ ನೋಟರಿಗೆ ಹೇಳಿ ತಿದ್ದುಪಡಿ ಹಾಕಿಸಿ. ಈಗಾದರೆ ಅದು ಒಂದು ಸಣ್ಣ ಟಿಪ್ಪಣಿಯ ಕೆಲಸ. ಹತ್ತು ವರ್ಷದ ಮೇಲೆ ಮಾರಲು ಹೊರಟಾಗ, ಇವರಿಬ್ಬರೂ ಒಬ್ಬರೇ ಎಂದು ಸಾಬೀತು ಮಾಡುವ ಪಾಡು ನಿಮ್ಮದಾಗುತ್ತದೆ.